ಹೆಡ್‌ಮಾಸ್ಟ್ರು ಕ್ಲಾಸಿನ ಬಾಗಿಲಿಗೆ ಬಂದರೆ ಏನಾಗುತ್ತದೆ?

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಒಬ್ಬ ಅರ್ಹ ಕೌನ್ಸೆಲರನ್ನೋ, ಮನಶ್ಶಾಸ್ತ್ರಜ್ಞರನ್ನೋ, ಸಮಾಜ ಕಾರ್ಯಕರ್ತರನ್ನೋ ಇಟ್ಟುಕೊಳ್ಳಬೇಕು. ಎಲ್ಲ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಬೆಂಗಳೂರಿನ ಶಾಲೆಗಳಿಗೆ ಇದು ಬೇಕೇ ಬೇಕಿತ್ತು.

ಆದರೆ ಮಧ್ಯಾಹ್ನ ಊಟದ ಬೆಲ್ ಆದಮೇಲೆ ಐದನೇ ಕ್ಲಾಸಿನ ಹುಡುಗನೊಬ್ಬ ಡೆಸ್ಕ್ ತಳ್ಳಿ, ಪಕ್ಕದವನ ಮುಖಕ್ಕೆ ಕಂಪಾಸ್ ಬಾಕ್ಸ್ ಎಸೆದು, ಬಾಗಿಲ ಕಡೆ ಓಡುತ್ತಾನೆ ಅಂದುಕೊಳ್ಳಿ. ಆ ಹೊತ್ತಿಗೆ ಕೋಣೆಯಲ್ಲಿ ಕೌನ್ಸೆಲರ್ ಇರುವುದಿಲ್ಲ. ಒಬ್ಬರು ಮಿಸ್ ಇರುತ್ತಾರೆ, ಇನ್ನುಳಿದ ಮಕ್ಕಳಿರುತ್ತಾರೆ. ಓಡಿದವನ ಹಿಂದೆ ಹೋದರೆ ಇವರನ್ನು ನೋಡಿಕೊಳ್ಳುವವರಿಲ್ಲ. ಇವರ ಜೊತೆ ನಿಂತರೆ ಅವನು ಗೇಟು ದಾಟಿ ರಸ್ತೆಗೆ ಬಿದ್ದಿರುತ್ತಾನೆ. ಮುಂದಿನ ಐದು ನಿಮಿಷದಲ್ಲಿ ಆ ಮಿಸ್ ಪಕ್ಕಕ್ಕೆ ಯಾರು ಬಂದು ನಿಲ್ಲುತ್ತಾರೆ? ನಮ್ಮ ಶಾಲೆಗಳಲ್ಲಿ ಇದಕ್ಕೆ ಉತ್ತರ ಒಬ್ಬರೇ, ಹೆಡ್‌ಮಾಸ್ಟ್ರು. ಅವರು ಆ ಐದು ನಿಮಿಷಕ್ಕೆ ಸಿಗುತ್ತಾರಾ ಇಲ್ಲವಾ ಅನ್ನುವುದರ ಮೇಲೆ ತುಂಬಾ ನಿಂತಿದೆ.

ಇಲ್ಲಿ ಹೇಳುತ್ತಿರುವುದು ತುಂಟ ಮಕ್ಕಳ ವಿಷಯ ಅಲ್ಲ. ಪದೇ ಪದೇ ಹೊಡೆಯುವ, ಕಚ್ಚುವ, ಕ್ಲಾಸಿನಿಂದ ಓಡಿಹೋಗುವ, ಕೆಟ್ಟ ಮಾತಾಡುವ, ಇಲ್ಲವೇ ದಿನವಿಡೀ ಏನೂ ಮಾಡದೆ ಕೂರುವ ಮಕ್ಕಳ ವಿಷಯ. ಇವರಲ್ಲಿ ಕೆಲವರಿಗೆ ಗುರುತಿಸದೇ ಉಳಿದ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಆಟಿಸಂ ಅಥವಾ ಕಲಿಕಾ ನ್ಯೂನತೆ ಇರುತ್ತದೆ. ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಆದರೆ ಎಲ್ಲವನ್ನೂ ಕಾಯಿಲೆ ಅನ್ನಲಾಗದು. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದು ವೈಟ್‌ಫೀಲ್ಡ್ ಕಡೆ ಶೆಡ್‌ನಲ್ಲಿರುವ ಮಗು ವರ್ಷಕ್ಕೆ ಎರಡು ಸಲ ಶಾಲೆ ಬದಲಿಸಿರುತ್ತದೆ. ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಬೆಳಿಗ್ಗೆ ಮಗು ಏಳುವ ಮೊದಲೇ ಹೊರಟಿರುತ್ತಾಳೆ. ಮನೆಯಲ್ಲಿ ತೆಲುಗು ಅಥವಾ ಉರ್ದು, ಪುಸ್ತಕದಲ್ಲಿ ಕನ್ನಡ, ಈಗ ಇಂಗ್ಲಿಷ್ ಮೀಡಿಯಂ ಸೆಕ್ಷನ್. ಬೋರ್ಡ್ ಕಾಣುವುದಿಲ್ಲ ಅಂತ ಹೇಳಲು ಗೊತ್ತಾಗದ ಮಗುವೂ ಗಲಾಟೆ ಮಾಡುತ್ತದೆ. ಹಾಗಾಗಿ ವರ್ತನೆಯ ಮಾತಿಗೆ ಮೊದಲು ಕಣ್ಣು, ಕಿವಿ, ಹೊಟ್ಟೆ, ನಿದ್ದೆ ಈ ನಾಲ್ಕನ್ನು ನೋಡಿಬಿಡಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಆರೋಗ್ಯ ತಪಾಸಣೆಗೆ ಶಾಲೆಗೆ ಬಂದಾಗ ಇಂಥ ಮಕ್ಕಳನ್ನು ತಪ್ಪದೆ ಮುಂದೆ ನಿಲ್ಲಿಸಬೇಕಾದ್ದು ಹೆಡ್‌ಮಾಸ್ಟ್ರ ಮೊದಲ ಕೆಲಸ.

ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತೊಂದಿದೆ. "ಹೊಡೆಯೋ ಹಾಗಿಲ್ಲ, ಬೈಯೋ ಹಾಗಿಲ್ಲ, ಟಿಸಿ ಕೊಡೋ ಹಾಗಿಲ್ಲ. ಹಾಗಾದ್ರೆ ಏನ್ ಮಾಡೋದು?" ಮಾತು ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವ ತನಕ ಮಗುವನ್ನು ಹೊರಗೆ ಹಾಕುವಂತಿಲ್ಲ. ಎರಡೂ ಸರಿಯಾದ ಕಾನೂನು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಬೆತ್ತ ಕಿತ್ತುಕೊಂಡ ವ್ಯವಸ್ಥೆ ಆ ಜಾಗದಲ್ಲಿ ಶಿಕ್ಷಕರಿಗೆ ಕೊಟ್ಟಿದ್ದು ಸುತ್ತೋಲೆ ಮತ್ತು ತರಬೇತಿ ಮಾತ್ರ.

ತರಬೇತಿ ಯಾಕೆ ಸಾಲುವುದಿಲ್ಲ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಸಾಕ್ಷಿ ಇದೆ. ಬಿಹಾರದ ನಳಂದಾ ಜಿಲ್ಲೆಯ 74 ಹೈಸ್ಕೂಲುಗಳಲ್ಲಿ 'ಸೆಹರ್' ಅನ್ನುವ ಪ್ರಯೋಗ ನಡೆಯಿತು. 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಒಂದು ಗುಂಪಿನ ಶಾಲೆಗಳಲ್ಲಿ ಇದೇ ಕೆಲಸಕ್ಕೆಂದು ತರಬೇತಿ ಪಡೆದು ಬಂದ ಸಾಮಾನ್ಯ ಜನ ಮಕ್ಕಳ ಜೊತೆ ಕೆಲಸ ಮಾಡಿದರು. ಅವರು ಮನಶ್ಶಾಸ್ತ್ರ ಓದಿದ ಪರಿಣತರಲ್ಲ. ಇನ್ನೊಂದು ಗುಂಪಿನಲ್ಲಿ ಅದೇ ಕಾರ್ಯಕ್ರಮವನ್ನು ಶಾಲೆಯ ಶಿಕ್ಷಕರೇ ನಡೆಸಿದರು. ಮೊದಲ ಗುಂಪಿನಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಮಕ್ಕಳ ನಡುವಿನ ಕಾಟ ಮತ್ತು ಹೊಡೆದಾಟ ಕಡಿಮೆಯಾಯಿತು, ಖಿನ್ನತೆಯೂ ಕಡಿಮೆಯಾಯಿತು. ಶಿಕ್ಷಕರು ನಡೆಸಿದ ಕಡೆ ಏನೂ ಪ್ರಯೋಜನ ಕಾಣಲಿಲ್ಲ.

ಇದನ್ನು ಶಿಕ್ಷಕರಿಗೆ ಕೈಲಾಗುವುದಿಲ್ಲ ಅಂತ ಓದಬಾರದು. ನನಗೆ ಇದರಲ್ಲಿ ಕಾಣುವುದು ಸಮಯದ ಪ್ರಶ್ನೆ. ಒಬ್ಬರಿಗೆ ಅದೇ ಕೆಲಸ. ಇನ್ನೊಬ್ಬರಿಗೆ ಪಾಠ, ಪರೀಕ್ಷೆ, ದಾಖಲೆಗಳ ಮೇಲೆ ಇದೂ ಒಂದು. ತುಂಬಿದ ಕೈಗೆ ಇನ್ನೊಂದು ಕೆಲಸ ಕೊಟ್ಟರೆ ಯಾವುದಾದರೂ ಬೀಳುತ್ತದೆ, ಅಲ್ವಾ? ಕಷ್ಟದ ಮಗುವಿಗೆ ಶಾಲೆಯೊಳಗೆ ಬಿಡುವಿರುವ ಒಬ್ಬ ದೊಡ್ಡವರು ಬೇಕು. ಕೌನ್ಸೆಲರ್ ನೇಮಕ ಆಗುವ ತನಕ, ಆದಮೇಲೂ, ಅಂಥ ಬಿಡುವನ್ನು ಹೊಂದಿಸಿಕೊಡಬಲ್ಲವರು ಹೆಡ್‌ಮಾಸ್ಟ್ರು.

ಹೇಗೆ? ಈಗ ನಡೆಯುವುದನ್ನು ನೋಡಿ. ಗಲಾಟೆ ಆದ ಕೂಡಲೇ "ಹೋಗು, ಎಚ್‌ಎಂ ರೂಮಿಗೆ" ಅಂತ ಕಳಿಸುತ್ತಾರೆ. ಹುಡುಗ ಅಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾನೆ. ಎಚ್‌ಎಂ ಎರಡು ಮಾತು ಗದರುತ್ತಾರೆ, ಇಲ್ಲವೇ ಫೈಲ್ ನೋಡುತ್ತಲೇ ಬುದ್ಧಿ ಹೇಳುತ್ತಾರೆ. ಪೀರಿಯಡ್ ಮುಗಿದ ಮೇಲೆ ವಾಪಸ್. ಇದರಿಂದ ಎರಡು ನಷ್ಟ. ಪಾಠದಿಂದ ತಪ್ಪಿಸಿಕೊಳ್ಳಬೇಕು ಅಂತಲೇ ಗಲಾಟೆ ಮಾಡಿದ್ದರೆ ಅವನಿಗೆ ಬೇಕಾಗಿದ್ದು ಸಿಕ್ಕಿತು. ನಾಳೆ ಇನ್ನೂ ಬೇಗ ಡೆಸ್ಕ್ ತಳ್ಳುತ್ತಾನೆ. ಎರಡನೆಯದು ಇದಕ್ಕಿಂತ ಕೆಟ್ಟದ್ದು. "ನಿನ್ನನ್ನು ಸರಿಮಾಡೋಕೆ ನನ್ನಿಂದ ಆಗಲ್ಲ" ಅಂತ ಮಿಸ್ ಇಡೀ ಕ್ಲಾಸಿನ ಎದುರು ಒಪ್ಪಿಕೊಂಡ ಹಾಗಾಯಿತು. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಇದನ್ನೇ ತಿರುಗಿಸಿ ನೋಡಿ. ಮಗು ಎಚ್‌ಎಂ ಹತ್ತಿರ ಹೋಗುವ ಬದಲು ಎಚ್‌ಎಂ ಕ್ಲಾಸಿಗೆ ಬರುತ್ತಾರೆ. ಪಕ್ಕದ ಕ್ಲಾಸಿನ ಮಗುವೊಂದು ಸಹಾಯ ಬೇಕು ಅನ್ನುವ ಕೆಂಪು ಕಾರ್ಡ್ ಹಿಡಿದು ಓಡಿಬಂದರೆ ಸಾಕು, ಯಾಕೆ ಏನು ಅಂತ ಕೇಳುವುದಿಲ್ಲ. ಬಂದವರು ಸೀಮೆಸುಣ್ಣ ತೆಗೆದುಕೊಂಡು "ನಾನು ಹತ್ತು ನಿಮಿಷ ಪಾಠ ಮಾಡ್ತೀನಿ, ನೀವು ಅವನ ಜೊತೆ ಹೋಗಿ ಬನ್ನಿ" ಅನ್ನುತ್ತಾರೆ. ಮಿಸ್ ಆ ಹುಡುಗನ ಜೊತೆ ಅಂಗಳದಲ್ಲಿ ಒಂದು ಸುತ್ತು ಹಾಕುತ್ತಾರೆ. ನೀರು ಕುಡಿಸುತ್ತಾರೆ. ಜಾಸ್ತಿ ಮಾತಾಡುವುದಿಲ್ಲ, ಯಾಕೆಂದರೆ ಸಿಟ್ಟು ನೆತ್ತಿಗೇರಿದ ಮಗುವಿಗೆ ಉಪದೇಶ ಕೇಳಿಸುವುದಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಇಬ್ಬರೂ ಒಟ್ಟಿಗೇ ಕ್ಲಾಸಿಗೆ ವಾಪಸ್ ಬರುತ್ತಾರೆ, ಬಿಟ್ಟ ಲೆಕ್ಕವನ್ನು ಅರ್ಧವಾದರೂ ಮಾಡುತ್ತಾರೆ. ಸಂಬಂಧ ಹಳಸಿದ್ದು ಮಿಸ್ ಮತ್ತು ಆ ಹುಡುಗನ ನಡುವೆ. ಸರಿಹೋಗಬೇಕಾದ್ದೂ ಅಲ್ಲೇ. ಎಚ್‌ಎಂ ಅದನ್ನು ತಾವು ವಹಿಸಿಕೊಳ್ಳುವುದಿಲ್ಲ, ಅದಕ್ಕೆ ಜಾಗ ಮಾಡಿಕೊಡುತ್ತಾರೆ.

ಈ ಅದಲುಬದಲಿನಿಂದ ಇನ್ನೂ ಒಂದು ಲಾಭ ಇದೆ. ಹತ್ತು ನಿಮಿಷ ಆ ಕ್ಲಾಸ್ ತೆಗೆದುಕೊಂಡ ಹೆಡ್‌ಮಾಸ್ಟ್ರಿಗೆ ಆ ಮಿಸ್ ದಿನಾ ಏನು ಎದುರಿಸುತ್ತಾರೆ ಅನ್ನುವುದು ಮೈಗೆ ತಾಗುತ್ತದೆ. ಆಮೇಲೆ "ನಿಮಗೆ ಕ್ಲಾಸ್ ಕಂಟ್ರೋಲ್ ಮಾಡೋಕೆ ಬರಲ್ಲ" ಅನ್ನುವ ಮಾತು ಅವರ ಬಾಯಿಂದ ಬರುವುದು ಕಷ್ಟ. ಇಂಗ್ಲೆಂಡಿನ ಶಿಕ್ಷಣ ಇಲಾಖೆಗಾಗಿ ಟಾಮ್ ಬೆನೆಟ್ 2017ರಲ್ಲಿ ಶಾಲಾ ವರ್ತನೆಯ ಬಗ್ಗೆ ವರದಿ ಕೊಟ್ಟರು. ಚೆನ್ನಾಗಿ ನಡೆಯುವ ಶಾಲೆಗಳಲ್ಲಿ ಮುಖ್ಯಸ್ಥರು ಕಾರಿಡಾರಿನಲ್ಲಿ, ಕ್ಲಾಸಿನಲ್ಲಿ, ಗೇಟಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಾರೆ ಅನ್ನುವ ಅಂಶಕ್ಕೆ ಅದರಲ್ಲಿ ದೊಡ್ಡ ಜಾಗ ಇದೆ. ಅಲ್ಲಿನ ಶಾಲೆಗಳ ಸೌಕರ್ಯ ಬೇರೆ, ನಮ್ಮದು ಬೇರೆ. ಆದರೆ ಕಣ್ಣಿಗೆ ಬೀಳುವುದಕ್ಕೆ ಖರ್ಚಿಲ್ಲ.

ಹೆಡ್‌ಮಾಸ್ಟ್ರಿಗೆ ಇನ್ನೊಂದು ಕೆಲಸವಿದೆ. ಇದು ಶಾಂತವಾಗಿ ಕೂತು ಮಾಡುವಂಥದ್ದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವಂಥದ್ದು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಘಟನೆಗೂ ಮೂರು ಸಾಲು. ಗಲಾಟೆಗೆ ಸ್ವಲ್ಪ ಮುಂಚೆ ಏನಾಯಿತು? ಮಗು ಏನು ಮಾಡಿತು? ಆಮೇಲೆ ಅದಕ್ಕೆ ಏನು ಸಿಕ್ಕಿತು? ವಿಶೇಷ ಶಿಕ್ಷಣದವರು ಇದನ್ನು ಎಬಿಸಿ (ಆಂಟಿಸಿಡೆಂಟ್, ಬಿಹೇವಿಯರ್, ಕಾನ್ಸಿಕ್ವೆನ್ಸ್) ದಾಖಲೆ ಅನ್ನುತ್ತಾರೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ರಾಬ್ ಹಾರ್ನರ್, ಜಾರ್ಜ್ ಸುಗೈ ಮುಂತಾದವರು 1990ರ ದಶಕದಲ್ಲಿ ಕಟ್ಟಿದ 'ಪಾಸಿಟಿವ್ ಬಿಹೇವಿಯರ್ ಸಪೋರ್ಟ್' ಪದ್ಧತಿಗೂ ಇದೇ ತಳಹದಿ. ಪ್ರತಿ ವರ್ತನೆಗೂ ಮಗುವಿನ ಮಟ್ಟಿಗೆ ಒಂದು ಕಾರಣ ಇರುತ್ತದೆ. ಒಂದೋ ಏನನ್ನೋ ಪಡೆಯಬೇಕು, ಇಲ್ಲಾ ಯಾವುದರಿಂದಲೋ ತಪ್ಪಿಸಿಕೊಳ್ಳಬೇಕು.

ಡೆಸ್ಕ್ ತಳ್ಳಿದ ಹುಡುಗನ ಉದಾಹರಣೆಯನ್ನೇ ಮುಂದುವರಿಸೋಣ. ಎರಡು ವಾರ ಬರೆದು ನೋಡಿದರೆ ಹೀಗೆ ಕಾಣಬಹುದು: ಗಲಾಟೆ ಗಣಿತದಲ್ಲೂ ಆಗಿದೆ, ಪರಿಸರ ಅಧ್ಯಯನದಲ್ಲೂ ಆಗಿದೆ. ಆದರೆ ಪ್ರತಿ ಸಲವೂ ಅದಕ್ಕೆ ಮುಂಚೆ "ಎದ್ದು ನಿಂತು ಜೋರಾಗಿ ಓದು" ಅಂದಿದ್ದಾರೆ. ಪಿಟಿ ಪೀರಿಯಡ್‌ನಲ್ಲಿ ಒಂದು ದಿನವೂ ಗಲಾಟೆ ಇಲ್ಲ. ಅಂದರೆ ಸಮಸ್ಯೆ ಸಿಟ್ಟಿನದ್ದಲ್ಲ, ಓದಿನದ್ದು. ಅವನಿಗೆ ಐದನೇ ಕ್ಲಾಸಿನ ಪುಸ್ತಕ ಓದಲು ಬರುವುದಿಲ್ಲ. ಎಲ್ಲರ ಎದುರು ನಾಚಿಕೆಪಡುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನ್ನಿಸಿದೆ. ಈಗ ಮಾಡಬೇಕಾದ್ದು ಬೇರೆಯಾಯಿತು. ಜೋರಾಗಿ ಓದಿಸುವುದನ್ನು ಸದ್ಯಕ್ಕೆ ನಿಲ್ಲಿಸಿ, ಚಿಕ್ಕ ಕ್ಲಾಸುಗಳ ನಲಿ-ಕಲಿ ಕಾರ್ಡುಗಳಿಂದ ದಿನಾ ಸ್ವಲ್ಪ ಹೊತ್ತು ಬೇರೆಯಾಗಿ ಓದಿಸಬೇಕು. "ಸಹಾಯ ಬೇಕು" ಅಂತ ಹೇಳಲು ಅವನಿಗೊಂದು ಸನ್ನೆ ಕಲಿಸಬೇಕು. ಆಮೇಲೂ ಅಕ್ಷರ ಹಿಡಿತಕ್ಕೆ ಬರದಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆಗೆ ಕಳಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಇದೂ ಒಂದು.

ಈ ನೋಟ್‌ಬುಕ್ ಬರೆಯುವುದು ಶಿಕ್ಷಕರು. ಓದುವುದು ಯಾರು? ಇಲ್ಲೇ ಹೆಚ್ಚಿನ ಪ್ರಯತ್ನಗಳು ಸತ್ತುಹೋಗುವುದು. ಯಾರೂ ಓದದ ದಾಖಲೆಯನ್ನು ಮೂರನೇ ದಿನಕ್ಕೆ ಯಾರೂ ಬರೆಯುವುದಿಲ್ಲ. ಹೆಡ್‌ಮಾಸ್ಟ್ರು ಶನಿವಾರ ಅರ್ಧ ಗಂಟೆ ಕೂತು, ಆ ಮಗುವಿಗೆ ಪಾಠ ಮಾಡುವ ಎಲ್ಲರನ್ನೂ ಕೂರಿಸಿಕೊಂಡು ಓದಬೇಕು. ಅಡುಗೆಯವರನ್ನೂ ಕೇಳಬೇಕು. ಬಿಸಿಯೂಟದ ಸಾಲಿನಲ್ಲಿ ಯಾರು ಯಾರನ್ನು ಕೆಣಕುತ್ತಾರೆ, ಯಾವ ಮಗು ಸೋಮವಾರ ಮಾತ್ರ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಖಾಸಗಿ ಶಾಲೆಯಲ್ಲಾದರೆ ಆಯಾ, ವ್ಯಾನ್ ಡ್ರೈವರ್, ಗೇಟಿನ ಸೆಕ್ಯುರಿಟಿ. ಇವರನ್ನು ಸಭೆಗೆ ಕರೆಯುವ ಶಾಲೆಗಳು ಕಡಿಮೆ.

ಮಗುವನ್ನು ಹಿಡಿದುಕೊಳ್ಳುವ ವಿಷಯಕ್ಕೆ ಬರೋಣ. ಶಿಕ್ಷಕರು ಹೆದರುವುದು ಇದಕ್ಕೇ. ಓಡುವ ಮಗುವಿನ ಕೈ ಹಿಡಿದರೆ, ಬಿಸಿ ಸಾಂಬಾರಿನ ಪಾತ್ರೆಯಿಂದ ಆಚೆ ಎಳೆದರೆ, ಯಾರೋ ವಿಡಿಯೊ ಮಾಡಿ ಸಂಜೆಯೊಳಗೆ ಹೊಡೆದರು ಅಂತ ಹರಡಬಹುದು. ಇಂಗ್ಲೆಂಡಿನಲ್ಲಿ 2006ರ ಕಾಯ್ದೆಯೊಂದರ 93ನೇ ಸೆಕ್ಷನ್, ಮಗು ತನಗೋ ಇತರರಿಗೋ ಗಾಯ ಮಾಡುವುದನ್ನು ತಡೆಯಲು ಸಿಬ್ಬಂದಿ ಹದವರಿತು ಬಲ ಬಳಸಬಹುದು ಅಂತ ನೇರವಾಗಿ ಹೇಳುತ್ತದೆ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅಂಥ ಸಾಲು ಇಲ್ಲ. ಶಿಕ್ಷೆ ಬೇರೆ, ಅಪಾಯದಿಂದ ತಪ್ಪಿಸುವುದು ಬೇರೆ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಕಾಗದದ ಮೇಲೆ ಇಲ್ಲ. ಹಾಗಾಗಿ ಶಾಲೆಯೇ ಬರೆದಿಟ್ಟುಕೊಳ್ಳಬೇಕು. ಯಾವಾಗ ಮಾತ್ರ ಹಿಡಿಯಬಹುದು, ಎಷ್ಟು ಹೊತ್ತು, ಕೂಡಲೇ ಯಾರಿಗೆ ತಿಳಿಸಬೇಕು, ಮನೆಗೆ ಅದೇ ದಿನ ಯಾರು ಫೋನ್ ಮಾಡಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರ ಎದುರು ಓದಿ ಒಪ್ಪಿಗೆ ಪಡೆಯಬೇಕು. ಫೋನ್ ಮಾಡುವವರು ಹೆಡ್‌ಮಾಸ್ಟ್ರೇ ಆಗಿರಬೇಕು. ಪೋಷಕರು ಸಿಟ್ಟಿನಿಂದ ಗೇಟಿಗೆ ಬಂದಾಗ ಮಿಸ್ ಒಬ್ಬರನ್ನೇ ಮುಂದೆ ಬಿಡುವ ಶಾಲೆಯಲ್ಲಿ ಮುಂದಿನ ಸಲ ಯಾರೂ ಮಗುವಿನ ಕೈ ಹಿಡಿಯುವುದಿಲ್ಲ. ರಸ್ತೆಗೆ ಓಡಿದರೂ ಹಿಡಿಯುವುದಿಲ್ಲ.

ಘಟನೆ ಆದ ಸಂಜೆ ಏನಾಗುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಮಗುವಿನಿಂದ ಕಚ್ಚಿಸಿಕೊಂಡ, ಬೈಸಿಕೊಂಡ ಶಿಕ್ಷಕಿ ಬಸ್ಸಿನಲ್ಲಿ ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂತು ಅದನ್ನೇ ಯೋಚಿಸುತ್ತಾ ಹೋಗುತ್ತಾರೆ. ಹೊರಡುವ ಮೊದಲು ಹೆಡ್‌ಮಾಸ್ಟ್ರು ಹತ್ತಿರ ಬಂದು ಮೊದಲು ಅವರ ಕ್ಷೇಮ ಕೇಳಬೇಕು. ಗಾಯವಾಗಿದ್ದರೆ ಆಸ್ಪತ್ರೆಗೆ ಜೊತೆಗೆ ಹೋಗಬೇಕು. ಏನು ಬೇರೆ ಮಾಡಬಹುದಿತ್ತು ಅನ್ನುವ ಮಾತು ಮರುದಿನಕ್ಕೆ. ಎಷ್ಟೋ ಕಡೆ ಕ್ಷೇಮಕ್ಕಿಂತ ಮೊದಲು ಕೇಳುವುದು ಲಿಖಿತ ವಿವರಣೆ. ಅದು ಕೈಗೆ ಬಂದ ದಿನ ಶಿಕ್ಷಕರು ಒಂದು ಪಾಠ ಕಲಿಯುತ್ತಾರೆ: ಇನ್ನು ಮುಂದೆ ಏನೇ ಆದರೂ ವರದಿ ಮಾಡಬಾರದು.

ಪೋಷಕರನ್ನು ಕರೆಸುವ ಬಗ್ಗೆಯೂ ಹೇಳಬೇಕು. "ನಾಳೆ ಅಪ್ಪ ಅಮ್ಮನ್ನ ಕರ್ಕೊಂಡು ಬಾ" ಅಂದರೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿರುವ ತಾಯಿಗೆ ಒಂದು ದಿನದ ಸಂಬಳ ಹೋಯಿತು. ಗಾರೆ ಕೆಲಸದ ತಂದೆಗೆ ಕೂಲಿ ಹೋಯಿತು. ಆ ರಾತ್ರಿ ಮನೆಯಲ್ಲಿ ಮಗುವಿಗೆ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಮರುದಿನ ಅದು ಇನ್ನೂ ಕೆರಳಿ ಬರುತ್ತದೆ. ಶಿಫ್ಟ್ ಮುಗಿದ ಮೇಲೆ ಫೋನ್ ಮಾಡಬಹುದು. ಮೊದಲ ಫೋನ್ ದೂರು ಹೇಳಲು ಮಾಡದೆ, ಮಗು ಇವತ್ತು ಏನು ಚೆನ್ನಾಗಿ ಮಾಡಿತು ಅಂತ ಹೇಳಲು ಮಾಡಿದರೆ ಎರಡನೇ ಫೋನ್‌ಗೆ ಅವರು ಕಿವಿಗೊಡುತ್ತಾರೆ. ಮನೆಯಲ್ಲೇ ಹಿಂಸೆ ಇದೆ ಅನ್ನುವ ಅನುಮಾನ ಬಂದರೆ ಮಾತ್ರ ದಾರಿ ಬೇರೆ. ಆಗ 1098 ಮಕ್ಕಳ ಸಹಾಯವಾಣಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯ ಮರ್ಯಾದೆ ನೋಡುವಂತಿಲ್ಲ.

ಖಾಸಗಿ ಶಾಲೆಗಳಲ್ಲಿ ಒತ್ತಡದ ರೂಪ ಬೇರೆ. ಅಲ್ಲಿ ಉಳಿದ ಪೋಷಕರ ವಾಟ್ಸ್ಆ್ಯಪ್ ಗ್ರೂಪ್ ಇರುತ್ತದೆ. "ಆ ಹುಡುಗನನ್ನು ತೆಗೆಯಿರಿ, ಇಲ್ಲಾ ನಾವು ಹೋಗ್ತೀವಿ" ಅಂತ ಬರುತ್ತದೆ. ಕೆಲವು ಕಡೆ ಮಗುವಿನ ಪಕ್ಕದಲ್ಲೇ ಇದ್ದು ನೋಡಿಕೊಳ್ಳುವ ಶ್ಯಾಡೋ ಟೀಚರ್ ಖರ್ಚನ್ನು ತಂದೆ ತಾಯಿಯ ಮೇಲೆಯೇ ಹಾಕುತ್ತಾರೆ. ಇನ್ನು ಕೆಲವು ಕಡೆ ಟಿಸಿಯನ್ನು ಅವರೇ ಕೇಳಿ ಪಡೆಯುವ ಹಾಗೆ ಮಾಡುತ್ತಾರೆ. ಕಾಗದದಲ್ಲಿ ಅದು ಪೋಷಕರ ಇಚ್ಛೆ. ನಿಜದಲ್ಲಿ ಅದು ಹೊರಹಾಕಿದ್ದೇ. 2022ರ ನವೆಂಬರ್‌ನಲ್ಲಿ ನಗರದ ಕೆಲವು ಶಾಲೆಗಳು ಬ್ಯಾಗ್ ತಪಾಸಣೆ ಮಾಡಿದಾಗ ಸಿಗರೇಟು, ಗರ್ಭನಿರೋಧಕ ಸಿಕ್ಕ ಸುದ್ದಿ ದೇಶವೆಲ್ಲ ಸುತ್ತಿತು. ಕೆಲವು ಶಾಲೆಗಳು ಮಕ್ಕಳಿಗೆ ರಜೆ ಕೊಟ್ಟು ಕೌನ್ಸೆಲಿಂಗ್ ಮಾಡಿಸಿ ಅಂತ ಮನೆಗೆ ಕಳಿಸಿದವು. ಶಾಲೆಯ ಜೊತೆ ಗಟ್ಟಿಯಾಗಿ ಅಂಟಿಕೊಳ್ಳಬೇಕಾದ ಹೊತ್ತಿನಲ್ಲಿ ಹದಿನಾಲ್ಕು ಹದಿನೈದರ ಮಕ್ಕಳನ್ನು ಮನೆಯಲ್ಲಿ ಕೂರಿಸುವುದರಿಂದ ಏನು ಸರಿಹೋಗುತ್ತದೆ ಅಂತ ನನಗೆ ಅರ್ಥವಾಗಿಲ್ಲ. ಇಂಥ ಹೊತ್ತಿನಲ್ಲಿ ಪ್ರಿನ್ಸಿಪಾಲರು ಆಡಳಿತ ಮಂಡಳಿಯ ಮುಂದೆ ಮಗುವಿನ ಪರ ನಿಂತು ಮಾತಾಡಬೇಕಾಗುತ್ತದೆ. ಅವರ ಕೆಲಸದಲ್ಲಿ ಅತಿ ಕಷ್ಟದ ಭಾಗ ಬಹುಶಃ ಇದೇ.

ಇಷ್ಟೆಲ್ಲ ಓದಿದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟ್ರು ಒಂದೇ ಪ್ರಶ್ನೆ ಕೇಳುತ್ತಾರೆ: "ನನಗೆ ಟೈಮ್ ಎಲ್ಲಿದೆ?" ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಹಾಲು, ಮೊಟ್ಟೆ, ಅಕ್ಕಿಯ ಲೆಕ್ಕ. ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಎಂಟ್ರಿ. ವಿದ್ಯಾರ್ಥಿವೇತನ, ಆಧಾರ್, ವಿದ್ಯಾರ್ಥಿಗಳ ಗುರುತು ಸಂಖ್ಯೆಯಾದ ಅಪಾರ್ ಐಡಿ. ಅತಿಥಿ ಶಿಕ್ಷಕರ ಬಿಲ್. ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ ಪ್ರತ್ಯೇಕ ಮುಖ್ಯ ಶಿಕ್ಷಕರು ಸಿಗುವುದು ಮಕ್ಕಳು 150 ದಾಟಿದ ಮೇಲೆ. ಅದಕ್ಕಿಂತ ಚಿಕ್ಕ ಶಾಲೆಯಲ್ಲಿ ಪ್ರಭಾರಿ. ಅಂದರೆ ಎರಡು ಕ್ಲಾಸಿಗೆ ಪಾಠ ಮಾಡುತ್ತಲೇ ಶಾಲೆ ನಡೆಸಬೇಕು. ಅದರ ಮೇಲೆ ಸಮೀಕ್ಷೆ, ಚುನಾವಣೆ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಕಷ್ಟದ ಮಗುವಿಗೆ ಇಂಥ ಉದ್ದ ರಜೆ ಎಂದರೆ ಜೂನ್‌ನಿಂದ ಕಟ್ಟಿದ ಅಭ್ಯಾಸವೆಲ್ಲ ಮತ್ತೆ ಮೊದಲಿನಿಂದ.

ಹಾಗಾಗಿ ಹೆಡ್‌ಮಾಸ್ಟ್ರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಇಲಾಖೆ ಅವರ ದಿನವನ್ನು ಬಿಡಿಸಿಕೊಡಬೇಕು. ಡೇಟಾ ಎಂಟ್ರಿಗೆ ಕ್ಲಸ್ಟರ್‌ಗೊಬ್ಬ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೊಬ್ಬ, ಗುಮಾಸ್ತರನ್ನು ಕೊಟ್ಟರೆ ಒಂದಷ್ಟು ಶಾಲೆಗಳ ಹೊರೆ ಇಳಿಯುತ್ತದೆ. ಊಟದ ನಂತರದ ಎರಡು ಪೀರಿಯಡ್‌ನಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಸಭೆ, ತುರ್ತು ಮಾಹಿತಿ, ವಾಟ್ಸ್ಆ್ಯಪ್ ಆದೇಶ ಯಾವುದೂ ಬರಬಾರದು. ಸುಸ್ತು, ಸೆಕೆ, ನಿದ್ದೆ ಸೇರಿ ಮಕ್ಕಳು ಸುಲಭವಾಗಿ ಕೆರಳುವ ಹೊತ್ತು ಅದು. ಬ್ಲಾಕ್‌ಗಳಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿಐಇಆರ್‌ಟಿಗಳನ್ನು, ಪ್ರಮಾಣಪತ್ರ ಮತ್ತು ಶಿಬಿರದ ಕೆಲಸಕ್ಕಷ್ಟೇ ಕಟ್ಟಿಹಾಕದೆ ಕ್ಲಾಸಿನ ಹಿಂದೆ ಕೂತು ನೋಡಲು ಕಳಿಸಬೇಕು. ವಿಶೇಷ ಶಿಕ್ಷಕರ ಅನುಪಾತ ಪ್ರಾಥಮಿಕದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ನಿಮ್ಹಾನ್ಸ್ ಇರುವ ಊರು ನಮ್ಮದು. ಮಾನಸಿಕ ಆರೋಗ್ಯಕ್ಕಾಗಿ ಇರುವ ದೇಶದ ಟೆಲಿ ಮಾನಸ್ ಸಹಾಯವಾಣಿಗೆ ನೋಡಲ್ ಕೇಂದ್ರ ಅದೇ. 14416ಕ್ಕೆ ಶಿಕ್ಷಕರೂ ಫೋನ್ ಮಾಡಿ ತಮ್ಮ ಕಷ್ಟ ಹೇಳಿಕೊಳ್ಳಬಹುದು ಅನ್ನುವುದನ್ನು ಸ್ಟಾಫ್ ರೂಮಿನ ಗೋಡೆಯ ಮೇಲೆ ಬರೆದು ಹಾಕಬೇಕು.

ಹೊಸ ದುಡ್ಡು ಬೇಡದ ಒಂದು ಕೆಲಸವೂ ಇದೆ. ಕ್ಲಸ್ಟರ್ ಮಟ್ಟದಲ್ಲಿ ಹೇಗೂ ಸಮಾಲೋಚನಾ ಸಭೆ ನಡೆಯುತ್ತದೆ. ಅದರಲ್ಲಿ ಸುತ್ತೋಲೆ ಓದುವ ಸಮಯವನ್ನು ಅರ್ಧ ಗಂಟೆ ಕಡಿಮೆ ಮಾಡಿ, ಪ್ರತಿ ಸಲ ಒಂದು ಶಾಲೆಯ ಒಂದು ಮಗುವಿನ ನೋಟ್‌ಬುಕ್ ಇಡಬಹುದು. ಹೆಸರು ಬೇಡ, ಊರು ಬೇಡ, ಆ ಮೂರು ಸಾಲುಗಳು ಸಾಕು. ಉಳಿದ ಶಾಲೆಯವರು ಓದಿ, ಇದು ಯಾಕೆ ಆಗುತ್ತಿರಬಹುದು, ನಾವಾಗಿದ್ದರೆ ನಾಳೆ ಬೆಳಿಗ್ಗೆ ಏನು ಮಾಡುತ್ತಿದ್ದೆವು ಅಂತ ಮಾತಾಡಬೇಕು. ಮುಂದಿನ ತಿಂಗಳು ಅದೇ ಶಾಲೆಯವರು ಏನಾಯಿತು ಅಂತ ಬಂದು ಹೇಳಬೇಕು. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಿಲ್ಲ. ಒಬ್ಬ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ನಾಲ್ಕು ಹೆಡ್‌ಮಾಸ್ಟ್ರು ಮನಸ್ಸು ಮಾಡಿದರೆ ಮುಂದಿನ ಸಭೆಯಲ್ಲೇ ಶುರು ಮಾಡಬಹುದು.